ಬ್ಲಾಕ್ ಪ್ಲಗ್: ಉಕ್ಕೋ ಹಿತ್ತಾಳೆಯೋ?
ಹಳೆಯ ಜೀಪಿನ ಎಂಜಿನ್ ಬ್ಲಾಕಿನ ಪಕ್ಕದಲ್ಲಿ ತುಕ್ಕುಬಣ್ಣದ ನೀರು ಜಿನುಗುತ್ತಿದ್ದರೆ, ಬಹುಶಃ ಬ್ಲಾಕಿನ ನೀರಿನ ದಾರಿಯ ರಂಧ್ರ ಮುಚ್ಚುವ, ಬಟ್ಟಲಿನಾಕಾರದ ಉಕ್ಕಿನ ಪ್ಲಗ್ ಒಳಗಿನಿಂದ ತುಕ್ಕು ತಿಂದಿದೆ. ಮೇಲಿನ ಹೋಸಿನಿಂದ ಇಳಿದದ್ದೂ ಇರಬಹುದು. ಮೊದಲು ಒರೆಸಿ ನೋಡಿ. ಹೊಸ ಪ್ಲಗ್ ಉಕ್ಕಿನದೋ ಹಿತ್ತಾಳೆಯದೋ ಎಂದು ಕೇಳಿದ್ದೀರಿ: ನನ್ನ ಮತ ತುಕ್ಕು ಹಿಡಿಯದ ಹಿತ್ತಾಳೆಗೆ. ಆದರೆ ಲೋಹಕ್ಕಿಂತ ಅಳತೆ ಮುಖ್ಯ.

ಎಂಜಿನ್ ತಣಿದ ಮೇಲೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಇಳಿಸಿ. ಪ್ಲಗ್ಗಿನ ಒಂದು ಅಂಚಿಗೆ ಹೊಡೆದು ಅಡ್ಡ ತಿರುಗಿಸಿ, ಇಕ್ಕಳದಿಂದ ಎಳೆಯಿರಿ, ಒಳಕ್ಕೆ ಬೀಳಿಸಬೇಡಿ. ರಂಧ್ರವನ್ನು ಎಮರಿ ಕಾಗದದಿಂದ ಉಜ್ಜಿ, ವರ್ನಿಯರ್ ಅಳತೆಗೋಲಿನಿಂದ ಅದನ್ನೇ ಅಳೆಯಿರಿ, ಹಳೆಯ ಪ್ಲಗ್ಗನ್ನಲ್ಲ. ಕೀಳುವಾಗ ಅದು ಸೊಟ್ಟಗಾಗಿರುತ್ತದೆ. ಹೊಸದು ರಂಧ್ರಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು. ಕೈಯಿಂದ ಒತ್ತಿದರೇ ಕೂರುವ ಪ್ಲಗ್ ನಿಲ್ಲುವುದಿಲ್ಲ. ತೆಳುವಾಗಿ ಸೀಲಂಟ್ (ಸೋರಿಕೆ ತಡೆಯುವ ಅಂಟು) ಸವರಿ, ಪ್ಲಗ್ಗಿನ ಬಟ್ಟಲಿನೊಳಗೆ ಹಿಡಿಸುವ ಸಾಕೆಟ್ (ನಟ್ ತಿರುಗಿಸುವ ಕೊಳವೆ) ಇಟ್ಟು ನೇರವಾಗಿ ಬಡಿಯಿರಿ. ಒಂದು ತೂತಾಗಿದ್ದರೆ ಉಳಿದವೂ ಸರದಿಯಲ್ಲಿವೆ, ಎಲ್ಲವನ್ನೂ ಒಟ್ಟಿಗೆ ಬದಲಿಸಿ.