ಕಜಕರು ಅಂದರೆ ಯಾರು? ಕಜಕಿಸ್ತಾನದವರು ಅಂದರೆ ಯಾರು?

ಪ್ರಶ್ನೆ: ನನ್ನ ಮಗಳು ಆಲ್ಮಾಟಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಅವಳ ಒಬ್ಬ ಗೆಳತಿ 'ನಾನು ಕಜಕ್' ಅನ್ನುತ್ತಾಳಂತೆ. ಇನ್ನೊಬ್ಬಳು ಅದೇ ಊರಲ್ಲಿ ಹುಟ್ಟಿದವಳು, 'ನಾನು ಕಜಕ್ ಅಲ್ಲ, ಕಜಕಿಸ್ತಾನದವಳು' ಅನ್ನುತ್ತಾಳಂತೆ. ಕಜಕರು ತಮ್ಮತಮ್ಮಲ್ಲೇ 'ನಿನ್ನದು ಯಾವ ರು?' ಅಂತಲೂ ಕೇಳಿಕೊಳ್ಳುತ್ತಾರಂತೆ. ಇದು ನಮ್ಮ ಜಾತಿ ಇದ್ದ ಹಾಗೇನಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅಲ್ಲ, 'ರು' ಜಾತಿಯಲ್ಲ. ಜಾತಿ ಅಂದರೆ ಒಳಗೇ ಮದುವೆ. ರು ಅಂದರೆ ಹೊರಗೇ ಮದುವೆ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಬೆಡಗು. ಬೆಡಗು ಒಂದೇ ಆದರೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ, ಅಲ್ವಾ? ಕಜಕರಲ್ಲೂ ತಂದೆಯ ಕಡೆ ಏಳು ತಲೆಮಾರಿನೊಳಗೆ ಒಬ್ಬನೇ ಹಿರಿಯ ಸಿಕ್ಕಿದರೆ ಆ ಸಂಬಂಧ ಅಲ್ಲಿಗೇ ಬಿಟ್ಟಿತು.

ಈ ಏಳು ಹೆಸರಿಗೆ 'ಜೆತಿ ಅತಾ' ಅನ್ನುತ್ತಾರೆ. ಅಪ್ಪ, ಅಜ್ಜ, ಮುತ್ತಜ್ಜ ಅಂತ ಏಳೂ ಹೆಸರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಏಳು ಅಜ್ಜಂದಿರ ಹೆಸರು ಗೊತ್ತಿಲ್ಲದವನು ಯಾತಕ್ಕೂ ಬಾರದವನು ಅಂತ ಅವರಲ್ಲಿ ಗಾದೆಯೇ ಇದೆ. ಕುರಿ, ಕುದುರೆ ಅಟ್ಟಿಕೊಂಡು ಊರೂರು ಬದಲಿಸುತ್ತಿದ್ದ ಜನ ಅವರು. ಹೊಲದ ಬದು, ಮನೆಯ ಗೋಡೆ ತೋರಿಸಿ 'ನಾನು ಇಲ್ಲಿಯವನು' ಅನ್ನುವ ಹಾಗಿರಲಿಲ್ಲ. ಹೆಸರುಗಳ ಸಾಲೇ ಅವರ ವಿಳಾಸ. ಎಷ್ಟೋ ರುಗಳು ಸೇರಿ ಒಂದು 'ಜುಜ್'. ಅಂಥ ಜುಜ್‌ಗಳು ಮೂರು: ಆಗ್ನೇಯದ ಕಡೆ ಹಿರಿಯ, ನಡುವೆ ಮತ್ತು ಉತ್ತರಕ್ಕೆ ಮಧ್ಯಮ, ಪಶ್ಚಿಮಕ್ಕೆ ಕಿರಿಯ. ಹಾಗಂತ ಮೇಲು-ಕೀಳು ಇರಲೇ ಇಲ್ಲ ಅಂತಲ್ಲ. ಚಂಗೀಸ್ ಖಾನನ ವಂಶದವರು ತಮ್ಮನ್ನು 'ಬಿಳಿ ಮೂಳೆ'ಯವರು ಅಂದುಕೊಳ್ಳುತ್ತಿದ್ದರು. ಖಾನ್ ಆಗುವ ಹಕ್ಕೂ ಅವರದ್ದೇ ಆಗಿತ್ತು.

ಇನ್ನು 'ಕಜಕ್' ಅನ್ನುವ ಹೆಸರು. ಮೊದಲಿಗೆ ಅದು ಕುಲದ ಹೆಸರೇ ಅಲ್ಲ. ಒಡೆಯನನ್ನು ಬಿಟ್ಟು ತನ್ನ ದಾರಿ ಹಿಡಿದವನಿಗೆ ಹಾಗೆ ಕರೆಯುತ್ತಿದ್ದರು. 15ನೇ ಶತಮಾನದ ನಡುವೆ ಕೆರೆಯ್ ಮತ್ತು ಜಾನಿಬೆಕ್ ಅನ್ನುವ ಇಬ್ಬರು, ಆ ಹುಲ್ಲುಗಾವಲನ್ನು ಆಳುತ್ತಿದ್ದ ಅಬುಲ್‌ಖೈರ್ ಖಾನನನ್ನು ಬಿಟ್ಟು ತಮ್ಮ ಜನರ ಜೊತೆ ಚು ನದಿಯ ಕಡೆಗೆ ಹೋದರು. ಅವನ ಜೊತೆ ಉಳಿದವರು ಉಜ್ಬೆಕರು, ಬಿಟ್ಟು ಹೋದವರು ಕಜಕರು. ರಕ್ತ ಬೇರೆಯಲ್ಲ, ದಾರಿ ಬೇರೆ. ನನಗೆ ಈ ಇತಿಹಾಸದಲ್ಲಿ ತುಂಬಾ ಹಿಡಿಸುವ ಸಂಗತಿ ಇದು.

ರಷ್ಯನ್ನರು ಬಂದ ಮೇಲೆ ಆ ಹೆಸರೇ ಹೋಯಿತು. ಅವರಲ್ಲಿ ಆಗಲೇ 'ಕಜಾಕ್' ಅನ್ನುವ ಕುದುರೆ ಸೈನಿಕರಿದ್ದರು, ನಾವು ಕೊಸಾಕ್ ಅನ್ನುತ್ತೇವಲ್ಲ, ಅವರು. ಗೊಂದಲ ಬೇಡ ಅಂತ ಕಜಕರನ್ನು 'ಕಿರ್ಗಿಜ್' ಅಂತ ಕರೆದರು. ನಿಜವಾದ ಕಿರ್ಗಿಜರಿಗೆ 'ಕಾರಾ ಕಿರ್ಗಿಜ್' ಅಂದರು! ಸರ್ಕಾರಿ ಕಾಗದದಲ್ಲೆಲ್ಲ ಪಕ್ಕದ ಮನೆಯವರ ಹೆಸರಲ್ಲಿ ಬದುಕಬೇಕು. 1913ರಲ್ಲಿ ಕಜಕ್ ಬರಹಗಾರ ಅಖ್ಮೆತ್ ಬೈತುರ್ಸಿನೋವ್ ಒರೆನ್‌ಬರ್ಗ್‌ನಲ್ಲಿ ಒಂದು ಪತ್ರಿಕೆ ಶುರು ಮಾಡಿ ಅದಕ್ಕೆ 'ಕಜಕ್' ಅಂತಲೇ ಹೆಸರಿಟ್ಟರು. ಆ ಒಂದು ಪದ ಇಡುವುದಕ್ಕೆ ಎಷ್ಟು ಎದೆಗಾರಿಕೆ ಬೇಕಿತ್ತು ಅಂತ ಯೋಚಿಸಿ. ಆಮೇಲೆ ಬಂದ ಸೋವಿಯತ್ ಸರ್ಕಾರ ಆ ಹೆಸರನ್ನು ವಾಪಸ್ ಕೊಟ್ಟಿದ್ದು 1925ರಲ್ಲಿ. ಬೈತುರ್ಸಿನೋವ್ ಅವರನ್ನು 1937ರಲ್ಲಿ ಗುಂಡಿಟ್ಟು ಕೊಂದರು.

ಹೆಸರು ಸಿಕ್ಕಿತು, ಜನ ಉಳಿಯಲಿಲ್ಲ. 1930ರ ನಂತರದ ಮೂರು ವರ್ಷಗಳಲ್ಲಿ ಸರ್ಕಾರ ಜಾನುವಾರು ಕಿತ್ತುಕೊಂಡಿತು. ಅಲೆಮಾರಿಗಳನ್ನು ಬಲವಂತವಾಗಿ ಒಂದೆಡೆ ಕೂರಿಸಿತು. ಕುರಿ ಹೋದ ಮೇಲೆ ಕುರಿ ಸಾಕುವವನಿಗೆ ಊಟ ಎಲ್ಲಿಂದ? ಸುಮಾರು 15 ಲಕ್ಷ ಜನ ಹಸಿವಿನಿಂದ ಸತ್ತರು. ಹೆಚ್ಚಿನವರು ಕಜಕರೇ. ಅದೇ ನೆಲಕ್ಕೆ ಸ್ಟಾಲಿನ್ 1937ರಲ್ಲಿ ಕೊರಿಯನ್ನರನ್ನು, 1941ರಲ್ಲಿ ಜರ್ಮನ್ನರನ್ನು, 1944ರಲ್ಲಿ ಚೆಚೆನ್ನರನ್ನು ರೈಲಿನಲ್ಲಿ ತುಂಬಿ ಕಳಿಸಿದ. 1954ರಿಂದ ಹುಲ್ಲುಗಾವಲು ಉಳುವುದಕ್ಕೆ ರಷ್ಯನ್ನರು, ಉಕ್ರೇನಿನವರು ಬಂದರು. 1959ರ ಜನಗಣತಿ ಹೊತ್ತಿಗೆ ಕಜಕಿಸ್ತಾನದಲ್ಲಿ ಕಜಕರು ನೂರಕ್ಕೆ 30 ಮಾತ್ರ.

ಪೇಟೆಯಲ್ಲಿ ಬೆಳೆದ ಕಜಕ್ ಮಕ್ಕಳಿಗೆ ರಷ್ಯನ್ನೇ ಶಾಲೆಯ ಭಾಷೆ, ಕೆಲಸದ ಭಾಷೆ, ಕೊನೆಗೆ ಮನೆಯ ಭಾಷೆಯೂ ಆಯಿತು. ತಮ್ಮ ಭಾಷೆ ಸರಿಯಾಗಿ ಬಾರದವರಿಗೆ 'ಶಲಾ ಕಜಕ್', ಅಂದರೆ ಅರ್ಧಂಬರ್ಧ ಕಜಕ್, ಅನ್ನುವ ಚುಚ್ಚುಮಾತು ಇದೆ. ಆ ಮಾತು ನನಗೆ ಸರಿ ಕಾಣುವುದಿಲ್ಲ. ಭಾಷೆ ಕಳೆದಿದ್ದು ಆ ಮಕ್ಕಳ ತಪ್ಪಲ್ಲ.

1986ರ ಡಿಸೆಂಬರ್‌ನಲ್ಲಿ ಮಾಸ್ಕೋ, ಕಜಕ್ ನಾಯಕ ಕುನಾಯೆವ್ ಅವರನ್ನು ಇಳಿಸಿ ಹೊರಗಿನ ಕೋಲ್ಬಿನ್ ಅವರನ್ನು ಕೂರಿಸಿತು. ಆಲ್ಮಾಟಿಯ ಚೌಕಕ್ಕೆ ಹುಡುಗ ಹುಡುಗಿಯರು ಬಂದರು, ಕೊರೆಯುವ ಚಳಿಯಲ್ಲಿ ಹೊಡೆತ ತಿಂದರು. ಐದು ವರ್ಷದ ಮೇಲೆ, 1991ರ ಡಿಸೆಂಬರ್ 16ಕ್ಕೆ ಸ್ವಾತಂತ್ರ್ಯ. ಆಮೇಲೆ ರಷ್ಯನ್ನರು, ಜರ್ಮನ್ನರು ದೊಡ್ಡ ಸಂಖ್ಯೆಯಲ್ಲಿ ಹೊರಟರು. ಚೀನಾ, ಮಂಗೋಲಿಯಾ, ಉಜ್ಬೆಕಿಸ್ತಾನದಿಂದ ಕಜಕರು ವಾಪಸ್ ಬಂದರು. 2021ರ ಗಣತಿಯಲ್ಲಿ ಕಜಕರು ನೂರಕ್ಕೆ 70.

ಈಗ ಆ ಇಬ್ಬರು ಗೆಳತಿಯರು. 'ಕಜಕ್' ಅಂದರೆ ಕುಲ, 'ಕಜಕಿಸ್ತಾನದವಳು' ಅಂದರೆ ಪೌರತ್ವ. ಎರಡನೆಯವಳು ರಷ್ಯನ್, ಕೊರಿಯನ್ ಅಥವಾ ಇನ್ಯಾವುದೋ ಮೂಲದವಳಿರಬೇಕು. ದೇಶ ನನ್ನದು, ಆದರೆ ಆ ಏಳು ಹೆಸರಿನ ಸಾಲಿನಲ್ಲಿ ನಾನಿಲ್ಲ ಅಂತ ಅವಳು ಹೇಳುತ್ತಿರುವುದು. ಅವಳ ಮಾತಿನಲ್ಲಿ ದೂರ ಇಡುವ ಭಾವ ಇದೆ ಅಂದುಕೊಳ್ಳಬೇಡಿ.

ನಿಮ್ಮ ಮಗಳಿಗೆ ಹೇಳಿ: ಮೊದಲನೆಯವಳ ಹತ್ತಿರ ಏಳು ಅಜ್ಜಂದಿರ ಹೆಸರು ಕೇಳಲಿ, ಖುಷಿಯಿಂದ ಹೇಳುತ್ತಾಳೆ. ಎರಡನೆಯವಳನ್ನು, ಸ್ವಲ್ಪ ಸಲುಗೆ ಬೆಳೆದ ಮೇಲೆ, 'ನಿಮ್ಮ ಮನೆಯವರು ಇಲ್ಲಿಗೆ ಯಾವ ವರ್ಷ ಬಂದರು?' ಅಂತ ಕೇಳಲಿ. 1937 ಅಂದರೆ ಒಂದು ಕಥೆ, 1954 ಅಂದರೆ ಇನ್ನೊಂದು.