ಯಾವ ಪಾತ್ರದ ಗುಣ ನನ್ನಲ್ಲೂ ಇರಬೇಕಿತ್ತು?

ಕಾದಂಬರಿ, ಕಾವ್ಯಗಳಲ್ಲಿ ಬರುವ ಯಾವ ಪಾತ್ರದ ಗುಣ ನಿಮ್ಮಲ್ಲೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಎಂದು ಕೇಳಿದ್ದೀರಿ. ಯೋಚಿಸುವ ಮುಂಚೆಯೇ ನೆನಪಾದವರು ಕರ್ವಾಲೋ. 1980ರಲ್ಲಿ ಬಂದ, ಪೂರ್ಣಚಂದ್ರ ತೇಜಸ್ವಿಯವರ ಅದೇ ಹೆಸರಿನ ಕಾದಂಬರಿಯ ವಿಜ್ಞಾನಿ.

ನನಗೆ ಬೇಕಿರುವುದು ಅವರ ಪಾಂಡಿತ್ಯವಲ್ಲ, ಮಂದಣ್ಣನನ್ನು ಅವರು ನೋಡಿದ ರೀತಿ. ಊರವರ ಲೆಕ್ಕದಲ್ಲಿ ಮಂದಣ್ಣ ಬರೀ ಪೆದ್ದ. ಜೇನಿನ ಹಿಂದೆ ಅಲೆಯುವವನು, ಒಂದು ಜವಾನನ ಕೆಲಸ ಸಿಕ್ಕರೆ ಮದುವೆಯಾದೀತು ಎಂದು ಆಸೆಪಡುವವನು. ಕಥೆ ಹೇಳುವ ನಿರೂಪಕನಿಗೂ ಮೊದಮೊದಲು ಅವನಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಕರ್ವಾಲೋಗೆ ಮಾತ್ರ ಕಾಣುತ್ತದೆ: ಇವನ ಕಣ್ಣು ಕಾಡನ್ನು ಓದಬಲ್ಲದು, ಇವನು ಹುಟ್ಟು ಪ್ರಕೃತಿತಜ್ಞ. ಹಾರುವ ಓತಿಯನ್ನು ಕಂಡಿದ್ದೇನೆ ಎಂಬ ಅವನ ಮಾತನ್ನು ನಂಬಿಯೇ ಅವರು ಅಷ್ಟು ದೊಡ್ಡ ಹುಡುಕಾಟಕ್ಕೆ ಇಳಿಯುತ್ತಾರೆ. ಕಾಡಿಗೆ ಹೊರಟ ಆ ತಂಡವನ್ನು ಒಮ್ಮೆ ನೆನೆಸಿಕೊಳ್ಳಿ. ಮಂದಣ್ಣ, ಬಿರಿಯಾನಿ ಕರಿಯಪ್ಪ, ಹಾವು ಹಿಡಿಯುವ ಎಂಗ್ಟ, ಜೊತೆಗೆ ಕಿವಿ ಎಂಬ ನಾಯಿ. ಒಬ್ಬೊಬ್ಬರಿಗೂ ಅವರದೇ ಆದ ಒಂದು ವಿದ್ಯೆ ಇದೆ, ಮತ್ತು ಆ ವಿದ್ಯೆಗೆ ಅಲ್ಲಿ ಬೆಲೆ ಇದೆ. ಇದು ದೊಡ್ಡ ಮನಸ್ಸಿನವರು ಬಡವನಿಗೆ ತೋರುವ ಕರುಣೆಯಲ್ಲ. ಕರ್ವಾಲೋಗೆ ಗೊತ್ತಿಲ್ಲದ್ದು ಮಂದಣ್ಣನಿಗೆ ಗೊತ್ತಿದೆ, ಅದನ್ನು ಒಪ್ಪಿಕೊಳ್ಳಲು ಅವರಿಗೆ ಚೂರೂ ಸಂಕೋಚವಿಲ್ಲ. ಎದುರಿಗಿರುವವರ ಮಾತಿನ ಧಾಟಿ, ಓದು, ಉಡುಪು ನೋಡಿ ಅಳೆದುಬಿಡುವುದು ಎಷ್ಟು ಸುಲಭ ಎಂದು ಬಲ್ಲ ಯಾರಿಗಾದರೂ ಈ ಗುಣದ ಮೇಲೆ ಆಸೆ ಹುಟ್ಟದೆ ಇರದು.

ಇನ್ನೊಬ್ಬರು ಭೈರಪ್ಪನವರ ‘ಗೃಹಭಂಗ’ದ ನಂಜಮ್ಮ. ಆಕೆಯನ್ನು ಸಹನೆಯ ಮೂರ್ತಿ ಎಂದು ಹೊಗಳುವವರನ್ನು ಕಂಡರೆ ನನಗೆ ಬೇಸರ. ಆ ಸಹನೆ ಯಾವ ಹೆಣ್ಣಿಗೂ ಬೇಡ. ನಾನು ಬಯಸುವುದು ಆಕೆಯ ಕಸುಬುಗಾರಿಕೆಯನ್ನು. ಶ್ಯಾನುಭೋಗಿಕೆ ಗಂಡ ಚೆನ್ನಿಗರಾಯನ ಹೆಸರಿನಲ್ಲಿ, ಲೆಕ್ಕ ಬರೆಯಲು ಅವನ ಕೈಲಾಗದು. ಆಕೆ ತಾನೇ ಕಲಿತು, ರೂಲು ಹಾಕಿ, ಪುಸ್ತಕ ತುಂಬಿಸಿ, ಮನೆ ನಿಭಾಯಿಸುತ್ತಾಳೆ. ಸುತ್ತಲಿನ ಬೈಗುಳದ ನಡುವೆಯೂ ಲೆಕ್ಕ ತಪ್ಪಬಾರದು ಎಂಬ ಆ ಶಿಸ್ತಿದೆಯಲ್ಲ, ಅದು.

ಇಂಥ ಪ್ರಶ್ನೆಗೆ ಕರ್ಣನ ಹೆಸರು ಹೇಳುವವರು ಬಹಳ ಮಂದಿ. ಕೊಟ್ಟ ಕೈ ಹಿಂದೆಗೆಯದ ಅವನ ದಾನಗುಣವನ್ನು ನಾನೂ ಮೆಚ್ಚುತ್ತೇನೆ. ರಾಜ್ಯವೇ ಕಾಲಬುಡಕ್ಕೆ ಬಂದಾಗಲೂ ದುರ್ಯೋಧನನನ್ನು ಬಿಡಲಾರೆ ಎಂದ ಆ ಘಟ್ಟ ಯಾವ ಕವಿಯಲ್ಲಿ ಓದಿದರೂ ಗಂಟಲು ಕಟ್ಟುತ್ತದೆ. ಆದರೆ ದ್ರೌಪದಿಯನ್ನು ಸಭೆಗೆ ಎಳೆತಂದ ದಿನ ಅವನು ಯಾರ ಪಕ್ಕದಲ್ಲಿದ್ದ? ಋಣದ ಹೆಸರಿನಲ್ಲಿ ಅನ್ಯಾಯಕ್ಕೆ ಹೆಗಲು ಕೊಡುವ ನಿಷ್ಠೆ ನನಗೆ ಬೇಡ.

ಕೊನೆಯದಾಗಿ ಕಾರಂತರ ಮೂಕಜ್ಜಿ. 1977ರಲ್ಲಿ ಜ್ಞಾನಪೀಠ ಬಂದಿದ್ದು ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೇ ಆದ್ದರಿಂದ ನೀವೂ ಓದಿರಬಹುದು. ವಸ್ತುವೊಂದನ್ನು ಮುಟ್ಟಿ ಹಿಂದಿನದನ್ನೆಲ್ಲ ಕಾಣುವ ಆಕೆಯ ಶಕ್ತಿಯನ್ನು ನಾನು ಕೇಳುವುದಿಲ್ಲ. ಬಾಲ್ಯದಲ್ಲೇ ವಿಧವೆಯಾಗಿ, ಸಂಸಾರದ ಸುಖವನ್ನೇ ಕಾಣದ ಜೀವ ಅದು. ಆದರೂ ಬೇರೆಯವರ ಸುಖದ ಆಸೆಯನ್ನು ಆಕೆ ಪಾಪ ಎನ್ನುವುದಿಲ್ಲ. ಊರೆಲ್ಲ ದೂರುವ ನಾಗಿಯ ಬಗ್ಗೆಯೂ ಆಕೆಯ ಬಾಯಲ್ಲಿ ಕಹಿ ಮಾತಿಲ್ಲ. ತನಗೆ ದಕ್ಕದ್ದು ಇನ್ನೊಬ್ಬರಿಗೂ ದಕ್ಕಬಾರದು ಎಂಬ ಹೊಟ್ಟೆಕಿಚ್ಚು ಅಷ್ಟು ವಯಸ್ಸಾದರೂ ಆಕೆಯನ್ನು ಮುಟ್ಟಿಲ್ಲ. ನನಗೆ ವಯಸ್ಸಾದಂತೆ ಆ ಗುಣ ಬಂದರೆ ಸಾಕು.

ಇವುಗಳಲ್ಲಿ ಯಾವುದನ್ನೂ ಓದಿಲ್ಲವೆಂದರೆ ‘ಕರ್ವಾಲೋ’ದಿಂದ ಶುರು ಮಾಡಿ. ಪುಟ್ಟ ಪುಸ್ತಕ, ಕೈಗೆತ್ತಿಕೊಂಡರೆ ಬಿಡಲು ಮನಸ್ಸಾಗದು.