ಸಕ್ಕರೆ ಬಿಟ್ಟ ಮೇಲೆ ಸಿಟ್ಟು ಜಾಸ್ತಿಯಾಗಿದೆ, ಸಿಟ್ಟು ಬಂದಾಗೆಲ್ಲ ಸಿಹಿ ಬೇಕೆನಿಸುತ್ತದೆ. ಯಾಕೆ ಹೀಗೆ?

ಹೊಟ್ಟೆ ಬಿರಿಯುವಷ್ಟು ತಿನ್ನುವ ಚಟ ನಿಂತು ಕೆಲವು ತಿಂಗಳಾಗಿದೆ, ಸಕ್ಕರೆ ಪೂರ್ತಿ ಬಿಟ್ಟಿದ್ದೇನೆ, ಆದರೆ ಈಗ ಸಣ್ಣಪುಟ್ಟದ್ದಕ್ಕೂ ರೇಗುತ್ತದೆ ಅಂತ ಬರೆದಿದ್ದೀರಿ. ರೇಗಿದ ತಕ್ಷಣ ಕೈ ಸಿಹಿ ಹುಡುಕುತ್ತದಂತೆ. ಮುಂದಿನ ತಿಂಗಳು ಗೌರಿ ಹಬ್ಬಕ್ಕೆ ಅತ್ತೆ ಮನೆಗೆ ಹೋಗಬೇಕು, ಭಯ ಆಗುತ್ತಿದೆ ಅಂತಲೂ ಹೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಇದೇ ದಾರಿಯಲ್ಲಿ ನಿಮಗಿಂತ ಸ್ವಲ್ಪ ಮೊದಲು ಹೊರಟವಳು, ಅಷ್ಟೇ.

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಈ ಸಿಟ್ಟಿನಲ್ಲಿ ಹೆಚ್ಚಿನ ಪಾಲು ಹೊಸದಲ್ಲ, ಹಳೇ ಬಾಕಿ. ಇಷ್ಟು ದಿನ ಅದು ತಲೆ ಎತ್ತುವ ಮೊದಲೇ ಬಾಯಿಗೆ ಏನಾದರೂ ಬೀಳುತ್ತಿತ್ತು. ಹಾಗಾಗಿ ನಿಮಗೆ ಗೊತ್ತಾಗುತ್ತಿರಲಿಲ್ಲ.

ನನ್ನ ವಿಷಯದಲ್ಲಂತೂ ಹಾಗೇ ಇತ್ತು. ಮನೆಯಲ್ಲಿ ಯಾರಾದರೂ ಚುಚ್ಚಿ ಮಾತಾಡಿದರೆ "ಪರವಾಗಿಲ್ಲ ಬಿಡಿ" ಅಂತ ನಕ್ಕು ಸುಮ್ಮನಾಗುತ್ತಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ, ಸ್ಟೀಲ್ ಲೋಟದಲ್ಲಿ ಹಾಲಿನ ಪುಡಿಗೆ ಸಕ್ಕರೆ ಹಾಕಿ, ನಾಲ್ಕು ಹನಿ ನೀರು ಬಿಟ್ಟು ಕಲಸುತ್ತಿದ್ದೆ. ಡಬ್ಬಿ ಮುಚ್ಚಳದ ಸದ್ದು ಯಾರಿಗೂ ಕೇಳಬಾರದು ಅಂತ ಸಿಂಕಿನ ನಲ್ಲಿ ಸಣ್ಣಗೆ ತಿರುಗಿಸಿಟ್ಟಿರುತ್ತಿದ್ದೆ. ನಿಂತುಕೊಂಡೇ ತಿನ್ನುವುದು. ಅಂಗುಳಿಗೆಲ್ಲ ಅಂಟಿಕೊಳ್ಳುತ್ತಿತ್ತು. ರುಚಿ ಮೊದಲ ಮೂರ್ನಾಲ್ಕು ಚಮಚಕ್ಕೇ ಮುಗಿದುಹೋಗುತ್ತಿತ್ತು, ಆಮೇಲಿನದೆಲ್ಲ ತಲೆಯೊಳಗಿನ ಜಗಳ ನಿಲ್ಲಲಿ ಅಂತ. ನಿಲ್ಲುತ್ತಿತ್ತು ಕೂಡ, ಸುಳ್ಳೇಕೆ ಹೇಳಲಿ. ಆದರೆ ಬೆಳಗ್ಗೆ ಏಳುವಷ್ಟರಲ್ಲಿ ಅವರ ಮೇಲಿದ್ದ ಸಿಟ್ಟು ನನ್ನ ಮೇಲೇ ತಿರುಗಿರುತ್ತಿತ್ತು. ಆ ಸಿಟ್ಟಿಗೆ ಮತ್ತೆ ಸಿಹಿ.

ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ. ಬೆಳಗ್ಗೆ ಬರೀ ಕಾಫಿ ಕುಡಿದು ಮಧ್ಯಾಹ್ನ ಎರಡರವರೆಗೆ ಇದ್ದರೆ ಯಾರಿಗಾದರೂ ರೇಗುತ್ತದೆ. ರಕ್ತದಲ್ಲಿ ಗ್ಲೂಕೋಸ್ ತೀರಾ ಇಳಿದರೆ ಅದನ್ನು ಮೇಲೆತ್ತಲು ದೇಹ ಅಡ್ರಿನಲಿನ್ ಬಿಡುತ್ತದೆ. ಜಗಳಕ್ಕೆ ನಿಂತಾಗ ಬರುವುದೂ ಅದೇ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಬೆವರುವುದು ಎರಡರಲ್ಲೂ ಒಂದೇ ಥರ. ನಿಮಗೆ ಡಯಾಬಿಟಿಸ್ ಇದ್ದು ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ದಿಢೀರ್ ಅಂತ ಬರುವ ಸಿಟ್ಟು ಲೋ ಶುಗರ್ ಕೂಡ ಇರಬಹುದು. ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಸುಮಾರು 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಅದು ಔಷಧಿ, ಸ್ಲಿಪ್ (ಬಿಟ್ಟದ್ದಕ್ಕೆ ಮತ್ತೆ ಜಾರಿ ಬಿದ್ದದ್ದು) ಅಂತ ಲೆಕ್ಕ ಹಾಕಬೇಡಿ.

ಡಯಾಬಿಟಿಸ್ ಇಲ್ಲ ಅಂದರೂ ಸಕ್ಕರೆಯ ಜೊತೆ ಊಟವನ್ನೂ ಕಡಿಮೆ ಮಾಡಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬುವರು 36 ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ್ದರು. ಎಲ್ಲರೂ ತಾವಾಗಿ ಒಪ್ಪಿ ಬಂದವರು. ತಮಾಷೆ ಏನೆಂದರೆ, ಅವರೆಲ್ಲ ಬಂದೂಕು ಹಿಡಿಯಲ್ಲ ಅಂತ ಯುದ್ಧಕ್ಕೆ ಹೋಗದೆ ಉಳಿದವರು. ಅಂಥವರೂ ಸಣ್ಣದಕ್ಕೆಲ್ಲ ಸಿಡಿಮಿಡಿಗೊಳ್ಳತೊಡಗಿದರು, ಹಗಲೂ ರಾತ್ರಿ ಊಟದ್ದೇ ಧ್ಯಾನ. ಮತ್ತೆ ಹೊಟ್ಟೆ ತುಂಬ ಕೊಟ್ಟಾಗ ಕೆಲವರಿಗೆ ನಿಲ್ಲಿಸಲೇ ಆಗಲಿಲ್ಲ. ಹೊಟ್ಟೆ ಖಾಲಿ ಇಟ್ಟುಕೊಂಡು ಸಿಟ್ಟು ಗೆಲ್ಲುತ್ತೇನೆ ಅನ್ನುವುದು ಆಗದ ಮಾತು.

ಸಕ್ಕರೆ ನಿಜವಾಗಿ ಚಟವಾ? ಇದರಲ್ಲಿ ಒಮ್ಮತ ಇಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ, 2013ರಿಂದ, ಬಿಂಜ್ ಈಟಿಂಗ್, ಅಂದರೆ ಹಿಡಿತ ತಪ್ಪಿ ಹೊಟ್ಟೆ ಬಿರಿಯುವಷ್ಟು ತಿನ್ನುವುದು, ಒಂದು ಪ್ರತ್ಯೇಕ ಕಾಯಿಲೆ. ಸಕ್ಕರೆ ಚಟ ಆ ಪಟ್ಟಿಯಲ್ಲಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ಅಲ್ಲಿ ಸಕ್ಕರೆ ನೀರಿಗೆ ಮುಗಿಬಿದ್ದ ಇಲಿಗಳು ದಿನಕ್ಕೆ 12 ಗಂಟೆ ಏನೂ ತಿನ್ನಲು ಸಿಗದೆ ಇದ್ದವು. ದಿನವಿಡೀ ಸಕ್ಕರೆ, ಆಹಾರ ಎರಡೂ ಸಿಗುತ್ತಿದ್ದ ಇಲಿಗಳು ಹಾಗೆ ಆಡಲಿಲ್ಲ. ಈ ಭಾಗವನ್ನು ಮಾತ್ರ ಯಾರೂ ಹೇಳುವುದಿಲ್ಲ! ತಿನ್ನುವ ತೊಂದರೆಗೆ ಚಿಕಿತ್ಸೆ ಕೊಡುವವರಲ್ಲಿ ಬಹಳ ಜನ, ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಅವರ ವಿಧಾನ ಅನುಸರಿಸುವವರು, ಮೂರು ಊಟ, ನಡುವೆ ಎರಡು ಸಲ ತಿಂಡಿ, ನಾಲ್ಕು ಗಂಟೆಗಿಂತ ಜಾಸ್ತಿ ಬಿಡುವು ಬೇಡ ಅನ್ನುತ್ತಾರೆ. ಯಾವುದನ್ನೂ ಪೂರ್ತಿ ನಿಷೇಧಿಸಬೇಡಿ ಅಂತಲೂ ಹೇಳುತ್ತಾರೆ. ನಾನು ಅವರ ಹೊತ್ತುಹೊತ್ತಿನ ಊಟ ಹಿಡಿದುಕೊಂಡೆ. ಸಿಹಿಯನ್ನು ಮಾತ್ರ ಒಬ್ಬಳೇ ಇದ್ದಾಗ ಮುಟ್ಟುವುದಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀಯಾ ಅಂತ ಗುಂಪಿನಲ್ಲಿ ಕೆಲವರು ಹೇಳುತ್ತಾರೆ. ಹೇಳಲಿ ಬಿಡಿ.

ಗುಂಪು ಅಂದೆನಲ್ಲ, ಅದು ಓವರ್‌ಈಟರ್ಸ್ ಅನಾನಿಮಸ್. 1960ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದದ್ದು, ಕುಡಿತ ಬಿಡುವವರ ಆಲ್ಕೊಹಾಲಿಕ್ಸ್ ಅನಾನಿಮಸ್ಸಿನ ಹನ್ನೆರಡು ಮೆಟ್ಟಿಲನ್ನೇ ಊಟಕ್ಕೆ ಹೊಂದಿಸಿಕೊಂಡಿದೆ. ಫೋನ್‌ನಲ್ಲೇ ಮೀಟಿಂಗ್‌ಗೆ ಸೇರಬಹುದು, ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಕುಡಿತ ಬಿಡುವವರಿಗೆ ಕುಡಿಯಬೇಕೆನಿಸಿದಾಗ ಚಾಕಲೇಟ್ ತಿನ್ನಿ ಅಂತ ಆ ಕಡೆಯವರೇ ಹೇಳಿಕೊಡುತ್ತಾರೆ. ನಮಗೆ ಆ ಭಾಗ್ಯ ಇಲ್ಲ ನೋಡಿ. ಆದರೆ ಒಂದು ವಿಷಯದಲ್ಲಿ ಎರಡು ಕಡೆಯವರೂ ಒಂದೇ ಮಾತು: ಒಳಗೆ ಕೂತು ಕೊರೆಯುವ ಹಳೇ ಅಸಮಾಧಾನವೇ ಮನುಷ್ಯನನ್ನು ಹೆಚ್ಚಾಗಿ ವಾಪಸ್ ಬೀಳಿಸುವುದು.

ಅದಕ್ಕೆ ಅವರು ಹೇಳುವ ಉಪಾಯ ಬರೆಯುವುದು. ನೋಟ್‌ಬುಕ್ ಪುಟಕ್ಕೆ ಗೆರೆ ಎಳೆದು, ಯಾರ ಮೇಲೆ ಸಿಟ್ಟು, ಏನಾಯಿತು, ನನ್ನಲ್ಲಿ ಎಲ್ಲಿಗೆ ಪೆಟ್ಟು ಬಿತ್ತು, ಇದರಲ್ಲಿ ನನ್ನ ಪಾಲೇನು ಅಂತ ಬರೆಯಬೇಕು. ನನ್ನ ಪುಟದ ಒಂದು ಸಾಲು ಹೇಳುತ್ತೇನೆ. ಓರಗಿತ್ತಿ. ಮದುವೆ ಮನೆಯಲ್ಲಿ ಎಲ್ಲರೆದುರು "ಇವಳಿಗೆ ಇನ್ನೊಂದು ಲಾಡು ಹಾಕಿ, ಇವಳ ಡಯಟ್ ನಾಳೆಯಿಂದ" ಅಂದಳು. ಪೆಟ್ಟು ಬಿದ್ದದ್ದು ಮಾನಕ್ಕೆ. ಇಷ್ಟು ಬರೆದಾಗ ಲಾಡು ಬೇಕೆನಿಸುವುದು ನಿಂತಿತು ಅಂತಲ್ಲ. ಆದರೆ ನನಗೆ ಬೇಕಾಗಿದ್ದದ್ದು ಲಾಡು ಅಲ್ಲ, ಅವಳ ಬಾಯಿ ಮುಚ್ಚಿಸುವುದು ಅನ್ನುವುದು ಕಣ್ಣಿಗೆ ಬಿತ್ತು. ನಾಲ್ಕನೆಯದನ್ನು, ಅಂದರೆ ನನ್ನ ಪಾಲೇನು ಅನ್ನುವುದನ್ನು, ಅವತ್ತೇ ರಾತ್ರಿ ತುಂಬಬೇಡಿ ಅನ್ನುವುದು ನನ್ನ ಸಲಹೆ. ನಮ್ಮಂಥವರು ಮೊದಲೇ ಎಲ್ಲ ತಪ್ಪನ್ನೂ ಮೈಮೇಲೆ ಎಳೆದುಕೊಳ್ಳುವ ಜನ. ಸಿಟ್ಟು ಆರುವ ಮೊದಲೇ ನನ್ನ ಪಾಲು ಹುಡುಕಿದರೆ ಮತ್ತೆ ಅಡುಗೆಮನೆಗೇ ಹೋಗುತ್ತೇವೆ. ಮನೆಯಲ್ಲಿ ಯಾರಾದರೂ ನಿಜವಾಗಿ ಹಿಂಸೆ ಕೊಡುತ್ತಿದ್ದರೆ ಆ ಪ್ರಶ್ನೆಯೇ ಬೇಡ.

ದಿಂಬಿಗೆ ಗುದ್ದಿ, ಕೂಗಾಡಿ ಹೊರಹಾಕಿ ಅನ್ನುವವರ ಮಾತು ಕೇಳಬೇಡಿ. 2002ರಲ್ಲಿ ಬ್ರಾಡ್ ಬುಷ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಪರೀಕ್ಷೆ ಮಾಡಿದ್ದರು. ಸಿಟ್ಟು ಬರಿಸಿದವನನ್ನು ನೆನೆಸಿಕೊಂಡು ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರಿಗಿಂತ ಜಾಸ್ತಿಯೇ ಇತ್ತು. ನನಗೆ ಒಗ್ಗಿದ್ದು ಒಂದು ವಾಕ್ಯ. ಮಾರನೇ ದಿನ, ಹಗಲು ಹೊತ್ತಿನಲ್ಲಿ, ಹೊಟ್ಟೆ ತುಂಬಿರುವಾಗ, ಆ ಮನುಷ್ಯನಿಗೇ ಹೇಳುವ ಒಂದೇ ವಾಕ್ಯ. ಓರಗಿತ್ತಿಗೆ ನಾನು ಹೇಳಿದ್ದು, "ನನ್ನ ತಟ್ಟೆ ವಿಷಯ ಇನ್ನು ಮೇಲೆ ಮಾತಾಡಬೇಡ" ಅಂತ. ಧ್ವನಿ ನಡುಗಿತು. ಅವಳು ಮೂತಿ ಉಬ್ಬಿಸಿಕೊಂಡು ಒಂದು ವಾರ ಮಾತು ಬಿಟ್ಟಳು. ಆ ವಾರ ನಾನು ನಿದ್ದೆ ಚೆನ್ನಾಗಿ ಮಾಡಿದೆ.

ವಾರಕ್ಕೊಮ್ಮೆಯಾದರೂ ಬಿಂಜ್ ಮತ್ತೆ ಆಗುತ್ತಿದ್ದರೆ, ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಗುಂಪು, ನೋಟ್‌ಬುಕ್ ಸಾಲದು, ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇನ್ನು ಹಬ್ಬ. ಪೂಜೆ ಮುಗಿಯುವವರೆಗೆ ಖಾಲಿ ಹೊಟ್ಟೆಯಲ್ಲಿ ಒಲೆ ಮುಂದೆ ನಿಲ್ಲಬೇಡಿ. ಉಪವಾಸ ನನಗೆ ಆಗಲ್ಲ, ಡಾಕ್ಟರ್ ಬೇಡ ಅಂದಿದ್ದಾರೆ ಅಂತ ನಿಮ್ಮ ಯಜಮಾನರಿಂದ ಮೊದಲೇ ಹೇಳಿಸಿ. ನಮ್ಮಲ್ಲಿ ಡಾಕ್ಟರ್ ಹೆಸರಿಗೆ ಇರುವ ಬೆಲೆ ಸೊಸೆ ಮಾತಿಗೆ ಇನ್ನೂ ಬಂದಿಲ್ಲ. ಸಿಹಿ ಬೇಡ ಅಂತ ನಿರ್ಧರಿಸಿದ್ದರೆ ಬಡಿಸುವವರು ಬರುವ ಮೊದಲೇ ಎಲೆ ಮೇಲೆ ಕೈ ಅಡ್ಡ ಹಿಡಿಯಿರಿ. ಒಂದು ಹೋಳಿಗೆ ತಿನ್ನಬಹುದು ಅಂತ ಇದ್ದರೆ ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು, ಎಲ್ಲರೂ ನೋಡುವಂತೆ ತಿನ್ನಿ. ಹೊರಡುವಾಗ ಅತ್ತೆ ಹೋಳಿಗೆ ಕಟ್ಟಿಕೊಡುತ್ತಾರೆ, ಬೇಡ ಅಂದರೆ ಕೇಳುವುದಿಲ್ಲ, ಅಲ್ವಾ? ಅದನ್ನು ಮನೆ ಬಾಗಿಲು ತೆಗೆಯುವ ಮೊದಲೇ ಯಾರಿಗೆ ಕೊಡುವುದು ಅಂತ ಈಗಲೇ ಯೋಚಿಸಿಟ್ಟುಕೊಳ್ಳಿ. ನಮ್ಮ ಕೆಳಗಿನ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿದ್ದಾರೆ. ಪಾತ್ರೆ ತೊಳೆದೇ ವಾಪಸ್ ಕೊಡುತ್ತಾರೆ.